ಬೆಂಚಿನ ಮೇಲಿನ ಬೆವರು: ಗರಡಿಯಿಂದ ಜಿಮ್‌ವರೆಗೆ

ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಜಿಮ್ಮಿಗೆ ಹೋಗೋರನ್ನ ಕೇಳಿ ನೋಡ್ರಿ, ಎಲ್ಲರದ್ದೂ ಒಂದೇ ದೂರು. ಒಬ್ಬ ಬೆಂಚ್ ಹಿಡಿದು ಕೂತು ಅರ್ಧ ತಾಸು ರೀಲ್ಸ್ ನೋಡ್ತಾನೆ. ಇನ್ನೊಬ್ಬ ರಾಡಿಗೆ ದೊಡ್ಡ ದೊಡ್ಡ ಪ್ಲೇಟ್ ಏರಿಸಿ, ಎರಡು ಸಲ ಎತ್ತಿ, ಹಂಗೇ ಬಿಟ್ಟು ಎದ್ದು ಹೋಗ್ತಾನೆ. ಡಂಬೆಲ್ ಧಡ್ ಅಂತ ನೆಲಕ್ಕೆ ಬಿಡೋನು, ಕೇಳದಿದ್ದರೂ ಬಂದು ಪಾಠ ಹೇಳೋನು, ಕನ್ನಡಿ ಮುಂದಿಂದ ಕದಲದವನು, ಹೆಣ್ಣುಮಗಳೊಬ್ಬಳು ಒಳಗೆ ಬಂದರೆ ಎಣಿಕೆ ಮರೆತು ನೋಡ್ತಾ ನಿಲ್ಲೋನು. ಎಲ್ಲಕ್ಕಿಂತ ಹೆಚ್ಚು ಬೈಗುಳ ಬೀಳೋದು ಬೆವರಲ್ಲಿ ತೊಯ್ದ ಬೆಂಚನ್ನು ಒರೆಸದೆ ಹೋಗೋನಿಗೆ.

ಅದಕ್ಕೇ ಎಲ್ಲ ಜಿಮ್ಮಲ್ಲೂ ಒಂದು ನಿಯಮ ಇರುತ್ತೆ: ಟವೆಲ್ ತನ್ನಿ, ನಿಮ್ಮ ಬೆವರು ನೀವೇ ಒರೆಸಿ. ನನಗೆ ಈ ನಿಯಮ ಬಹಳ ಇಷ್ಟ. ಗೌಡನ ಬೆವರೂ ಬೆವರೇ, ಪೌರಕಾರ್ಮಿಕನ ಬೆವರೂ ಬೆವರೇ, ಯಾರದ್ದಾದರೂ ಅವರೇ ಒರೆಸಬೇಕು ಅನ್ನೋ ಮಾತು ಈ ದೇಶದಲ್ಲಿ ಸಣ್ಣದಲ್ಲ. ಆದರೆ ಅದೇ ಟವೆಲ್ಲನ್ನು ಇನ್ನೊಂದು ಥರನೂ ಬಳಸಬಹುದು. ಅದನ್ನು ನಾನು ಕಣ್ಣಾರೆ ನೋಡಿದೆ.

ಊರು, ಜಿಮ್ಮು, ಹೆಸರು ಬೇಡ. ಯಶವಂತನಗರದ ನಮ್ಮ ಕೇರಿಯಿಂದ ನಾಲ್ಕು ಹುಡುಗರು ಹತ್ತಿರದ ಊರಿನ ಸಾರ್ವಜನಿಕ ಜಿಮ್ಮಿಗೆ ಸೇರಿದ್ದರು. ಅವರ ಜೊತೆ ನಾನೂ ಕೆಲವು ದಿನ ಹೋದೆ, ಸೊಂಟನೋವಿಗೆ ಡಾಕ್ಟರು ಹೇಳಿದ್ದರು. ಅಲ್ಲಿ ಯಾರೂ ಬೆಂಚ್ ಒರೆಸೋರಲ್ಲ. ಒಬ್ಬ ಎದ್ದ ಮೇಲೆ ಇನ್ನೊಬ್ಬ ಅದೇ ಹಸಿಯಲ್ಲೇ ಮಲಗಿ ಎತ್ತೋನು. ನಮ್ಮ ಹುಡುಗರು ಎದ್ದರೆ ಮಾತ್ರ ಬಟ್ಟೆ ಬರೋದು. ನಮ್ಮೋರು ತಾವೇ ಒರೆಸಿ ಎದ್ದರೂ ಮತ್ತೊಮ್ಮೆ ಒರೆಸೋರು, ಅದೂ ನಮಗೆ ಕಾಣೋ ಹಂಗೆ. ಮೊದಲ ವಾರ ಎಲ್ಲರೂ ಕೇಳಿದ್ದು ಒಂದೇ: "ಯಾವ ಕಡೇರು? ಅಡ್ಡಹೆಸರೇನು?" ಎರಡನೇ ವಾರ ನೀರಿನ ಡ್ರಮ್ಮಿನ ಮೇಲಿದ್ದ ಸ್ಟೀಲ್ ಲೋಟ ಮಾಯ. ಕೇಳಿದರೆ, "ಆರೋಗ್ಯಕ್ಕೆ ಪೇಪರ್ ಕಪ್ಪೇ ಒಳ್ಳೇದು ಸಾರ್." ನಮ್ಮ ಹುಡುಗರಿಗೆ ಕಪ್ಪು, ಉಳಿದವರಿಗೆ ಕಪಾಟಿನೊಳಗಿಂದ ಲೋಟ.

ಬಟ್ಟೆ ಒಂದೇ, ಬೆವರೂ ಒಂದೇ. ಎಲ್ಲರೂ ಒರೆಸಿದರೆ ಅದು ಶುಚಿ. ಒಬ್ಬನ ನಂತರ ಮಾತ್ರ ಒರೆಸಿದರೆ ಅದು ಮಡಿ.

ಈ ಮಡಿಗೆ ಎಷ್ಟು ವಯಸ್ಸು ಅಂತ ಹುಡುಕುತ್ತಾ ಹೋದೆ. ದೂರ ಹೋಗಬೇಕಿಲ್ಲ, ಹೊಸಪೇಟೆ ದಾಟಿದರೆ ಹಂಪಿ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಸ್ತಿ ಹಿಡಿದ ಜಟ್ಟಿಗಳ ಕೆತ್ತನೆ ಇವತ್ತಿಗೂ ಇದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್ ಮಹಾನವಮಿಯ ಕುಸ್ತಿಗಳನ್ನು ವರ್ಣಿಸಿದ್ದಾನೆ. ಹಲ್ಲು ಉದುರೋ, ಮುಖ ಕೆಡೋ ಹೊಡೆತಗಳು, ಸೋತವನನ್ನು ಗೆಳೆಯರು ಎತ್ತಿಕೊಂಡು ಹೋಗ್ತಿದ್ದರಂತೆ. ಅದಕ್ಕಿಂತ ಚೆಂದ ಅವನು ಕೃಷ್ಣದೇವರಾಯನ ದಿನಚರಿ ಬರೆದಿರೋದು. ರಾಯ ಬೆಳಕು ಹರಿಯೋ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಸವರಿಕೊಂಡು, ಸೊಂಟಕ್ಕೆ ಸಣ್ಣ ಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತೋನು. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೆ ಕತ್ತಿ ವರಸೆ. ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ. ಆಮೇಲೆ ಬೆಳಗಾಗೋ ತನಕ ಕುದುರೆ ಸವಾರಿ. ಕೊನೆಗೆ ಸ್ನಾನ, ಅದನ್ನು ಮಾಡಿಸೋನು ಒಬ್ಬ ಬ್ರಾಹ್ಮಣ.

ನೋಡಿ, ರಾಜನ ಬೆವರು ತೊಳೆಯೋದು ಪುಣ್ಯದ ಕೆಲಸ, ಅದು ಪ್ರವಾಸಿಯ ಪುಸ್ತಕಕ್ಕೂ ಏರಿತು. ಆ ಮಣ್ಣಿನ ಭಾರ ಮಾಡಿದ ಕುಂಬಾರ, ಎಳ್ಳು ಹಿಂಡಿದ ಗಾಣಿಗ, ಕುದುರೆಯ ಜೀನಿಗೆ ಚರ್ಮ ಹದ ಮಾಡಿದ ನಮ್ಮಪ್ಪ, ಲದ್ದಿ ಬಳಿದವನು, ಇವರ ಬೆವರಿನ ಮಾತು ಅಲ್ಲಿಲ್ಲ. ಆ ದಿಬ್ಬದಿಂದ ಸ್ವಲ್ಪ ದೂರದಲ್ಲೇ ಮತಂಗ ಪರ್ವತ ನಿಂತಿದೆ. ಮಾದಿಗರು ತಮ್ಮ ಮೂಲ ಅಂತ ಹೇಳಿಕೊಳ್ಳೋ ಹೆಸರು ಅದು. ಹಂಪಿಗೆ ಹೋದಾಗ ಹತ್ತಿ ನೋಡಿ, ಇಡೀ ಊರು ಕಾಣುತ್ತೆ.

ನಮ್ಮ ದೇಶವನ್ನಷ್ಟೇ ಬೈದರೆ ತಪ್ಪಾಗುತ್ತೆ. 'ಜಿಮ್' ಅನ್ನೋ ಮಾತಿನ ಹಿಂದಿರೋ 'ಜಿಮ್ನೇಶಿಯಂ' ಗ್ರೀಕರದ್ದು, ಬತ್ತಲೆ ಅನ್ನೋ ಅರ್ಥದ ಪದದಿಂದ ಬಂದದ್ದು. ಅಥೆನ್ಸಿನಲ್ಲಿ ಗುಲಾಮರು ಅಲ್ಲಿ ಕಸರತ್ತು ಮಾಡಬಾರದು, ಮೈಗೆ ಎಣ್ಣೆ ಹಚ್ಚಿಕೊಳ್ಳಬಾರದು ಅಂತ ಕಾನೂನಿತ್ತು. ಉತ್ತರ ಗ್ರೀಸಿನ ಬೆರೊಯಾ ಎಂಬ ಊರಲ್ಲಿ ಒಂದು ಶಾಸನ ಸಿಕ್ಕಿದೆ, ಸುಮಾರು 2,200 ವರ್ಷ ಹಳೆಯದು. ಅದು ಜಿಮ್ಮಿನ ನಿಯಮಗಳ ಕಲ್ಲು! ಯಾರು ಬಟ್ಟೆ ಬಿಚ್ಚಿ ಒಳಗೆ ಬರಬಾರದು ಅಂತ ಪಟ್ಟಿ ಇದೆ: ಗುಲಾಮ, ಬಿಡುಗಡೆಯಾದ ಗುಲಾಮ, ಅವರ ಮಕ್ಕಳು, ಸಂತೆಯಲ್ಲಿ ಕಸುಬು ಮಾಡೋನು, ಕುಡುಕ, ಹುಚ್ಚ. ಬಿಡುಗಡೆ ಆದವನ ಮಗನೂ ಬರಬಾರದಂತೆ. ಅಪ್ಪನ ಕಸುಬು ಮಗನ ಬೆನ್ನಿಗೆ ಅಂಟೋದು ನಮ್ಮಲ್ಲಿ ಮಾತ್ರ ಅಂತ ತಿಳಿದಿದ್ದೆ. ವ್ಯತ್ಯಾಸ ಏನು ಅಂದ್ರೆ, ಅವರ ಕಲ್ಲು ಇವತ್ತು ಮ್ಯೂಸಿಯಂ ಸಾಮಾನು. ನಮ್ಮದನ್ನು ಯಾವ ಕಲ್ಲಲ್ಲೂ ಕೆತ್ತಲಿಲ್ಲ, ಅದಕ್ಕೇ ಒಡೆಯೋದು ಕಷ್ಟ.

ಈಗ ಗರಡಿಮನೆಗೆ ಬರೋಣ. ಅಲ್ಲಿಯ ಶಿಸ್ತು ಇವತ್ತಿನ ಜಿಮ್ಮಿಗಿಂತ ನೂರು ಪಾಲು ಮೇಲು, ಇದನ್ನು ಒಪ್ಪಲೇಬೇಕು. ಚಪ್ಪಲಿ ಹೊರಗೆ. ಒಳಗೆ ಹೋಗೋವಾಗ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಹನುಮಪ್ಪನಿಗೆ ಕೈಮುಗಿದು ಆಮೇಲೆ ಉಸ್ತಾದರಿಗೆ. ಬೀಡಿ, ಸಾರಾಯಿ ಹತ್ತಿರ ಸುಳಿಯೋ ಹಾಗಿಲ್ಲ. ದಂಡ, ಬಸ್ಕಿ ಎಷ್ಟು ಹೊಡೆದೆ ಅಂತ ಬಾಯಿ ಬಡ್ಕೊಳ್ಳೋ ಹಾಗಿಲ್ಲ. ಮಣ್ಣನ್ನು ಅಗೆದು ಹದ ಮಾಡೋದು ಪೈಲ್ವಾನರದ್ದೇ ಕೆಲಸ, ಎಷ್ಟು ದೊಡ್ಡ ಪೈಲ್ವಾನ ಆದರೂ ಸಲಿಕೆ ಹಿಡಿಯಬೇಕು. ಕುಸ್ತಿಯಲ್ಲಿ ಬೆವರು ಬೆವರಿಗೆ ಬೆರೆಯುತ್ತೆ, ಮೈ ಮೈಗೆ ಅಂಟುತ್ತೆ. ಮುಟ್ಟಬಾರದು ಅನ್ನೋ ದೇಶದಲ್ಲಿ ಮುಟ್ಟದೆ ಆಡಲಿಕ್ಕೆ ಆಗದ ಆಟ ಅದು.

ಹಂಗಾಗಿಯೇ ಬಾಗಿಲಲ್ಲೇ ತಡೆದರು. ಗರಡಿ ಒಳಗೆ ದೇವರಿದ್ದಾನೆ, ದೇವರಿದ್ದಲ್ಲಿ ನೀವು ಬರೋ ಹಾಗಿಲ್ಲ. ಮುಗೀತು.

ನಮ್ಮಜ್ಜ ಹೇಳ್ತಿದ್ದ ಮಾತು. ಜಾತ್ರೆಯ ಕುಸ್ತಿಗೆ ಅವನನ್ನು ಕರೆಯೋರು, ಹಲಗೆ ಬಾರಿಸೋಕೆ. ಹಲಗೆ ಇಲ್ಲದಿದ್ದರೆ ಕುಸ್ತಿಗೆ ಕಳೆ ಇಲ್ಲ. ಅಖಾಡದ ಅಂಚಲ್ಲಿ ನಿಂತು ಬಾರಿಸ್ತಿದ್ದ. ಮಣ್ಣು ತುಳಿಯಬಾರದು. ಚರ್ಮದ ಹಲಗೆಯ ಸದ್ದು ಒಳಗೆ ಹೋಗಬಹುದು, ಸದ್ದಿಗೆ ಮೈಲಿಗೆ ಇಲ್ಲ. ಬಾರಿಸೋ ಕೈ ಹೊರಗೇ ಇರಬೇಕು. ಅಜ್ಜನ ತೋಳು ನೋಡಿದವರು ಯಾರೂ ಅವನು ಗರಡಿಗೆ ಹೋಗಿಲ್ಲ ಅಂತ ನಂಬ್ತಿರಲಿಲ್ಲ. ಸಂಗ್ರಾಣಿ ಕಲ್ಲನ್ನು ಅವನು ರಾತ್ರಿ ಹೊತ್ತು, ಯಾರೂ ಇಲ್ಲದಾಗ ಎತ್ತಿ ನೋಡಿ ಇಟ್ಟು ಬಂದಿದ್ದನಂತೆ. ಹಗಲಲ್ಲಿ ಎತ್ತಿದ್ದರೆ ಕಲ್ಲು ತೊಳೀತಿದ್ದರು.

ಹಾಗಂತ ನಮ್ಮೋರು ಕುಸ್ತಿಯಿಂದ ದೂರ ಉಳಿದರು ಅಂತಲ್ಲ. ಲಹುಜಿ ಸಾಳ್ವೆ ಹೆಸರು ನಮ್ಮ ಹುಡುಗರಿಗೆ ಗೊತ್ತಿರಬೇಕು. 1794ರಲ್ಲಿ ಹುಟ್ಟಿ 1881ರವರೆಗೆ ಬಾಳಿದ ಮಾಂಗ ಜಾತಿಯ ಉಸ್ತಾದ. ಮರಾಠಿಯಲ್ಲಿ ವಸ್ತಾದ ಅಂತಾರೆ. ಪುಣೆಯಲ್ಲಿ ಅವನದ್ದೇ ತಾಲೀಮು ಇತ್ತು. ಮಾಂಗ ಅಂದರೆ ಮಹಾರಾಷ್ಟ್ರದಲ್ಲಿ ಮಾತಂಗರು, ನಮ್ಮ ಕಡೆಯ ಮಾದಿಗರ ಹಾಗೆ. ಆ ತಾಲೀಮಿಗೆ ಬಂದು ಕಲಿತವರಲ್ಲಿ ಜೋತಿಬಾ ಫುಲೆ ಒಬ್ಬರು. ಫುಲೆ ದಂಪತಿ ಶಾಲೆ ತೆರೆದಾಗ ಲಹುಜಿ ಬೆನ್ನಿಗೆ ನಿಂತ. ಅಸ್ಪೃಶ್ಯನ ತಾಲೀಮಿನ ಮಣ್ಣಲ್ಲಿ ಹೊರಳಿದ ಮೈ ಅದು, ಫುಲೆಯವರದ್ದು.

ಕ್ರಿಕೆಟ್‌ನಲ್ಲಿ ಪಾಲ್ವಣಕರ್ ಬಾಳು. ಚಮ್ಮಾರ ಮನೆತನದ ಇವನು ಹುಟ್ಟಿದ್ದು ನಮ್ಮ ಧಾರವಾಡದಲ್ಲೇ. ಪುಣೆಯ ಜಿಮ್ಖಾನಾದಲ್ಲಿ ಬಿಳಿಯರಿಗೆ ಬೌಲಿಂಗ್ ಮಾಡಿ ಮಾಡಿ ಪಳಗಿದ. ಇಂಗ್ಲಿಷರನ್ನು ಸೋಲಿಸಬೇಕು ಅಂತ ಪುಣೆಯ ಹಿಂದೂಗಳು ಅವನನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದೊಳಗೆ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟೋರು. ಚಹಾ ವೇಳೆಗೆ ಅವನಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ, ಕುಡಿದು ಬಿಸಾಕಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕಂದರೆ ಮೂಲೆಯಲ್ಲಿ ನಿಲ್ಲಬೇಕು, ಇನ್ನೊಬ್ಬ ಅಸ್ಪೃಶ್ಯ ಬಂದು ನೀರು ಹುಯ್ಯಬೇಕು. ಇದೇ ಬಾಳು 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತ. ಕ್ಯಾಪ್ಟನ್ ಮಾತ್ರ ಆಗಲಿಲ್ಲ. ಅವನ ತಮ್ಮ ವಿಠ್ಠಲನಿಗೆ ಹಿಂದೂ ತಂಡದ ನಾಯಕತ್ವ ಸಿಕ್ಕಿದ್ದು 1923ರಲ್ಲಿ, ಅದೂ ದೊಡ್ಡ ಗಲಾಟೆಯ ನಂತರ. (1937ರ ಚುನಾವಣೆಯಲ್ಲಿ ಬಾಳು ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಅದು ಬೇರೆ ಕಥೆ, ಇನ್ನೊಮ್ಮೆ ಬರೀತೀನಿ.)

ಬಾಳುವಿನ ಕುಡಿಕೆಗೂ ನಮ್ಮ ಹುಡುಗರ ಪೇಪರ್ ಕಪ್ಪಿಗೂ ನೂರು ವರ್ಷ ಮೀರಿದ ಅಂತರ. ಕುಡಿಕೆ ಮಣ್ಣಾದರೂ ಆಗ್ತಿತ್ತು.

ಕೊಲ್ಲಾಪುರದ ಶಾಹು ಮಹಾರಾಜ ತಾನೇ ಪೈಲ್ವಾನ, ಕುಸ್ತಿಗೆ ದೊಡ್ಡ ಆಸರೆ. ಅವರ ಅರಮನೆಯ ಕುದುರೆ ಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆ ನೀರಿನ ತೊಟ್ಟಿ ಮುಟ್ಟಿದ ಅಂತ ಹೊಡೆತ ತಿಂದ. ಶಾಹು ಅವನಿಗೆ ಚಹಾದಂಗಡಿ ಹಾಕಿಸಿಕೊಟ್ಟು, ತಾನೇ ಹೋಗಿ ಅವನ ಕೈಯಿಂದ ಚಹಾ ಕುಡಿದರು. ಜೊತೆಗಿದ್ದ ದೊಡ್ಡ ಮನುಷ್ಯರಿಗೂ ಕುಡಿಸಿದರು. ಇದು ನೋಡಿ ಶಿಷ್ಟಾಚಾರ!

ನಮ್ಮ ಸಂಡೂರಿನ ಲೆಕ್ಕವನ್ನೂ ಹೇಳಬೇಕು. ಯಶವಂತನಗರ ಅನ್ನೋ ಹೆಸರಲ್ಲೇ ಸಂಸ್ಥಾನದ ವಾಸನೆ ಇದೆ. ಯಶವಂತರಾವ್ ಘೋರ್ಪಡೆ ಅರಸರಾಗಿದ್ದಾಗ 1932ರಲ್ಲಿ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ಅಸ್ಪೃಶ್ಯರಿಗೆ ತೆರೆಸಿದರು. ತಿರುವಾಂಕೂರಿನ ಹೆಸರಾಂತ ಘೋಷಣೆ ಬಂದದ್ದು 1936ರಲ್ಲಿ, ಅದಕ್ಕೂ 4 ವರ್ಷ ಮೊದಲು. ಗಾಂಧಿ ಹೊಗಳಿದರು, ಹೊಗಳಬೇಕಾದ್ದೇ. ಆದರೆ ಅರಸನ ಆಜ್ಞೆ ಗುಡಿಯ ಬಾಗಿಲ ತನಕ ಬರುತ್ತೆ, ಚಹಾದಂಗಡಿಯ ಲೋಟದ ತನಕ ಬರೋದಿಲ್ಲ. ವರ್ಷಕ್ಕೊಮ್ಮೆ ನೋಡೋ ದೇವರ ಮುಂದೆ ಸಮಾನರಾಗಿ ನಿಲ್ಲೋದು ಸುಲಭ, ದಿನಾ ಮುಟ್ಟೋ ಮಣ್ಣಲ್ಲಿ ಕಷ್ಟ. ನಮ್ಮಜ್ಜ ಹಲಗೆ ಹಿಡಿದು ಅಖಾಡದ ಅಂಚಲ್ಲಿ ನಿಂತಿದ್ದು ಆ ಬಾಗಿಲು ತೆರೆದ ಎಷ್ಟೋ ವರ್ಷದ ಮೇಲೆ.

ಇನ್ನು ನಮ್ಮ ಕಾಲದ ಮಾತು. ಇಲ್ಲಿಯ ಗುಡ್ಡದಲ್ಲಿ ಕಬ್ಬಿಣದ ಅದಿರು. ಗಣಿ ಭರಾಟೆಯ ದಿನಗಳಲ್ಲಿ ನಮ್ಮ ಕೇರಿಗಳ ಗಂಡಸರು, ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆದರು, ಬುಟ್ಟಿಯಲ್ಲಿ ಹೊತ್ತರು. ಕೆಂಪು ಧೂಳಲ್ಲಿ ಬೆವರೂ ಕೆಂಪಾಗಿ ಹರೀತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲೂಟಿ ನಿಂತದ್ದು ಒಳ್ಳೇದೇ, ಆದರೆ ಮೊದಲು ಬುಟ್ಟಿ ಕಳೆದುಕೊಂಡವರೂ ನಮ್ಮೋರೇ. ಅವತ್ತು ಅದಿರು ಹೊತ್ತವರ ಮಕ್ಕಳು ಇವತ್ತು ಪ್ಲೇಟ್ ಎತ್ತುತ್ತಿದ್ದಾರೆ. ಅದೂ ಕಬ್ಬಿಣ, ಇದೂ ಕಬ್ಬಿಣ. ಅದಕ್ಕೆ ಕೂಲಿ ಕೊಡ್ತಿದ್ದರು, ಇದಕ್ಕೆ ನಾವು ಫೀಸು ಕಟ್ಟಬೇಕು. ಅಪ್ಪನ ಬೆವರು ಅದಿರಿನ ಲಾರಿ ಏರಿ ಹೋಯ್ತು, ಯಾರೂ ಒರೆಸಲಿಲ್ಲ, ಯಾರಿಗೂ ಮೈಲಿಗೆ ಆಗಲಿಲ್ಲ. ಮಗ ತನ್ನ ಮೈಗಾಗಿ ಬೆವರಿದಾಗ ಮಾತ್ರ ಬಟ್ಟೆ ತರ್ತಾರೆ.

ಪ್ಲೇಟ್ ಹಂಗೇ ಬಿಟ್ಟು ಹೋಗೋ ಚಟದ ಬಗ್ಗೆಯೂ ಇದೇ ನನ್ನ ಅನುಮಾನ. ಅದು ಬರೀ ಸೋಮಾರಿತನ ಅಲ್ಲ. ಉಂಡ ತಟ್ಟೆಯನ್ನು ಒಂದು ದಿನವೂ ಎತ್ತಿಡದೆ ಬೆಳೆದವನು ಜಿಮ್ಮಿನ ಪ್ಲೇಟ್ ಎತ್ತಿಡ್ತಾನಾ? ಹಿಂದೆ ಯಾರೋ ಬರ್ತಾರೆ, ಎತ್ತಿಡ್ತಾರೆ, ಬಳೀತಾರೆ ಅನ್ನೋದು ಅವನ ರಕ್ತಕ್ಕೆ ಇಳಿದಿದೆ. ಮನೆಯಲ್ಲಿ ಆ 'ಯಾರೋ' ಹೆಂಡತಿ, ತಾಯಿ. ಊರಲ್ಲಿ ಆ 'ಯಾರೋ' ನಾವು. ಆ ಜಿಮ್ಮಲ್ಲೂ ಬೆಳಿಗ್ಗೆ ಐದಕ್ಕೆ ಬಂದು ನೆಲ ಒರೆಸೋ ಅಕ್ಕ ನಮ್ಮೋಳೇ. ಅವಳು ಒರೆಸಿದ ನೆಲ ಶುದ್ಧ, ಅವಳ ಮಗ ಮಲಗಿದ ಬೆಂಚು ಅಶುದ್ಧ. ಈ ಲೆಕ್ಕ ನನಗಂತೂ ಬಿಡಿಸೋಕೆ ಬಂದಿಲ್ಲ. ಊಟದ ವಿಷಯ ಎತ್ತೋದೇ ಬೇಡ. ಡಬ್ಬಿ ಡಬ್ಬಿ ಪ್ರೋಟೀನ್ ಪೌಡರ್ ತಿನ್ನಬಹುದು, ನಮ್ಮ ಮನೆಯ ಖಂಡದ ಸಾರಿನ ಹೆಸರು ಹೇಳಂಗಿಲ್ಲ.

ಇಷ್ಟೆಲ್ಲ ಆದ ಮೇಲೆ ಹುಡುಗರು ಬಂದು ಹೇಳಿದರು: "ಅಣ್ಣಾ, ನಮ್ಗೆ ಬ್ಯಾರೆ ಜಿಮ್ಮೇ ಬೇಕು. ಕೇರ್ಯಾಗ ಜಾಗ ಐತಿ. ಪಂಚಾಯ್ತಿಗೆ ಅರ್ಜಿ ಬರದುಕೊಡು. ಅಲ್ಲಿ ಹೋಗಿ ದಿನಾ ಮರ್ಯಾದೆ ಕಳಕೊಳ್ಳೋದು ಸಾಕಾತು."

ಅವರ ನೋವು ಸುಳ್ಳಲ್ಲ. ಲಹುಜಿಯ ತಾಲೀಮು ಕೂಡ ನಮ್ಮದೇ ಆಗಿತ್ತಲ್ಲ? ಆದರೂ ನನಗೆ ಭಯ ಆದದ್ದು ಇದಕ್ಕೆ: ಈ ಅರ್ಜಿಗೆ ತಕ್ಷಣ ಸಹಿ ಬೀಳುತ್ತೆ. 'ಪ್ರತ್ಯೇಕ' ಅನ್ನೋ ಪದ ಕಂಡರೆ ಕಚೇರಿಗಳ ಪೆನ್ನು ಬಹಳ ಬೇಗ ಓಡುತ್ತೆ. ಪ್ರತ್ಯೇಕ ನಲ್ಲಿ, ಪ್ರತ್ಯೇಕ ಸ್ಮಶಾನ, ಈಗ ಪ್ರತ್ಯೇಕ ಜಿಮ್ಮು. ಆಮೇಲೆ ಆ ಊರಿನ ಜಿಮ್ಮಿಗೆ ನಮ್ಮ ಹುಡುಗ ಹೋದರೆ, "ನಿಮಗೆ ಬೇರೆ ಇದೆಯಲ್ಲಪ್ಪ?" ಅಂತ ಕೇಳೋಕೆ ಒಂದು ಸರ್ಕಾರಿ ಕಾರಣವೂ ಸಿಗುತ್ತೆ.

ಮಹಾಡ್ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆಬಾವಿ ಎಲ್ಲರಿಗೂ ಅಂತ ಮುಂಬಯಿ ಶಾಸನ ಮಂಡಳಿ ಬೋಳೆಯವರ ನಿರ್ಣಯ ಒಪ್ಪಿದ್ದು 1923ರಲ್ಲಿ. ಮಹಾಡ್ ಪುರಸಭೆಯೂ ಒಪ್ಪಿತು. ಕಾಗದ ಇತ್ತು, ನೀರು ಕುಡಿದವರಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಮಂತ್ರ ಹೇಳಿ, ಹಾಲು, ಮೊಸರು, ಸಗಣಿ, ಗಂಜಲದ ಕೊಡಗಳಿಂದ ಕೆರೆಯನ್ನು 'ಶುದ್ಧಿ' ಮಾಡಿದರು. ಆ ಕೊಡವೇ ಈ ಬೆಂಚಿನ ಬಟ್ಟೆ. ಕೋರ್ಟಿನಲ್ಲಿ ಕೊನೆಗೆ ಗೆದ್ದಿದ್ದು 1937ರಲ್ಲಿ, 10 ವರ್ಷ ಹಿಡಿಯಿತು. ನಮಗೊಂದು ಬೇರೆ ಬಾವಿ ತೋಡಿಸಿಕೊಡಿ ಅಂತ ಅವರು ಕೇಳಿದ್ದರೆ ಅಷ್ಟು ದಿನ ಬೇಕಾಗ್ತಿರಲಿಲ್ಲ.

ಸಂವಿಧಾನದ 15(2)ನೇ ವಿಧಿ ಓದಿ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸರ್ಕಾರದ ದುಡ್ಡಿನಿಂದ ಪೂರ್ತಿಯಾಗಿಯೋ ಸ್ವಲ್ಪವಾಗಿಯೋ ನಡೆಯೋ ಸಾರ್ವಜನಿಕ ಜಾಗ, ಇವುಗಳಲ್ಲಿ ಜಾತಿ ನೋಡಿ ಯಾರನ್ನೂ ತಡೆಯೋ ಹಾಗಿಲ್ಲ. ಸರ್ಕಾರಿ ದುಡ್ಡಿನ ಜಿಮ್ಮು ಇದರೊಳಗೆ ಬರುತ್ತೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ, ಯಾವ ರೂಪದಲ್ಲಿದ್ದರೂ. ಪೇಪರ್ ಕಪ್ಪೂ ಒಂದು ರೂಪವೇ.

ಕೇರಿಯಲ್ಲಿ ಕೂತು ರಾತ್ರಿ ಹತ್ತರ ತನಕ ಮಾತಾಡಿದೆವು. ಹುಡುಗರು ನನ್ನ ಮೇಲೂ ಹರಿಹಾಯ್ದರು. "ನೀ ಭಾಷಣ ಮಾಡಿ ಮನಿಗೆ ಹೋಗ್ತಿ, ಬೆಂಚಿನ ಮ್ಯಾಲೆ ಮಲಗೋರು ನಾವು" ಅಂದ ಒಬ್ಬ. ಉತ್ತರ ಕೊಡೋಕೆ ನನ್ನ ಹತ್ತಿರ ಇದ್ದದ್ದು ಒಂದೇ: ನಾನೂ ಬರ್ತೀನಿ, ದಿನಾ.

ಕೊನೆಗೆ ಎರಡು ಅರ್ಜಿ ಬರೆದೆವು. ಒಂದು ಪಂಚಾಯ್ತಿಗೆ, ಕೇರಿಯಲ್ಲಿ ವ್ಯಾಯಾಮ ಶಾಲೆ ಬೇಕು ಅಂತ. ಅದರಲ್ಲಿ 'ಪ್ರತ್ಯೇಕ' ಪದ ಇಲ್ಲ, 'ಸಾರ್ವಜನಿಕ' ಅಂತ ಇದೆ. ಊರಿನವರೂ ಇಲ್ಲಿಗೆ ಬಂದು ಎತ್ತಲಿ, ಲಹುಜಿ ತಾಲೀಮಿಗೆ ಫುಲೆ ಬಂದ ಹಾಗೆ. ಇನ್ನೊಂದು ಆ ಜಿಮ್ಮನ್ನು ನೋಡಿಕೊಳ್ಳೋ ಕಚೇರಿಗೆ. ಅದರಲ್ಲಿ ನಾವು ಕೇಳಿರೋದು: ಬಾಗಿಲಲ್ಲಿ ಒಂದು ಬೋರ್ಡು ಹಾಕಬೇಕು. ಯಾರ ಬೆವರಾದರೂ ಅವರೇ ಒರೆಸಬೇಕು. ಎತ್ತಿದ ತೂಕವನ್ನು ಎತ್ತಿದವರೇ ಜಾಗಕ್ಕೆ ಇಡಬೇಕು. ಹೆಣ್ಣುಮಕ್ಕಳನ್ನು ದಿಟ್ಟಿಸೋದು, ಫೋಟೋ ತೆಗೆಯೋದು ಕೂಡದು. ಅಡ್ಡಹೆಸರು, ಜಾತಿ ಕೇಳಬಾರದು. ಎಲ್ಲರಿಗೂ ಒಂದೇ ಲೋಟ, ಇಲ್ಲವಾದರೆ ಎಲ್ಲರಿಗೂ ಪೇಪರ್ ಕಪ್. ಕೆಳಗೆ 15(2)ನೇ ವಿಧಿಯ ಕನ್ನಡ ಪಾಠ, ದೊಡ್ಡ ಅಕ್ಷರದಲ್ಲಿ.

ಅರ್ಜಿ ತಗೊಂಡ ಗುಮಾಸ್ತರು ಲೋಟದ ಸಾಲಿನ ಮೇಲೆ ಬೆರಳಿಟ್ಟು, "ಇಂಥ ಸಣ್ಣ ವಿಷಯಾನೂ ಬರೀಬೇಕಾ?" ಅಂದರು. ಬರೀಬೇಕು ಸಾರ್ ಅಂದೆ. ಸೀಲು ಹಾಕಿದ ಸ್ವೀಕೃತಿ ನನ್ನ ಹತ್ತಿರ ಇದೆ. ಹದಿನೈದು ದಿನ ಕಾಯ್ತೀವಿ, ಆಮೇಲೆ ತಹಶೀಲ್ದಾರರ ಹತ್ತಿರ ಹೋಗ್ತೀವಿ. ನಿಮ್ಮೂರಿನ ಜಿಮ್ಮಲ್ಲಿ ಲೋಟ ಎಷ್ಟಿವೆ ಅಂತ ನೋಡಿ ಬಂದು ಹೇಳಿ.